ತುಮಕೂರು ಸೀಮೆಯ ಗ್ರಾಮೀಣ ಕ್ರೈಸ್ತ ಸಭೆ: ದಾಖಲೆ ಮತ್ತು ಮೌನ

ಪ್ರಸ್ತಾವನೆ

ವಸಾಹತುಕಾಲದ ಕ್ರೈಸ್ತ ಮಿಷನ್‌ಗಳ ಚರಿತ್ರೆಯನ್ನು ಕನ್ನಡದಲ್ಲಿ ಬರೆದವರು ಹೆಚ್ಚಾಗಿ ಮುದ್ರಣ, ನಿಘಂಟು, ವ್ಯಾಕರಣ, ಪತ್ರಿಕೆ ಮತ್ತು ಶಾಲೆಗಳ ಮೂಲಕ ಅದನ್ನು ಪ್ರವೇಶಿಸಿದ್ದಾರೆ. ರೀವ್, ಮೋಗ್ಲಿಂಗ್, ಸ್ಯಾಂಡರ್ಸನ್, ಕಿಟೆಲ್ ಮೊದಲಾದವರ ಹೆಸರುಗಳು ಸಾಹಿತ್ಯ ಚರಿತ್ರೆಯಲ್ಲಿ ನೆಲೆಗೊಂಡಿವೆ. ಆದರೆ ಈ ಮಿಷನ್‌ಗಳು ಯಾವುದಕ್ಕಾಗಿ ಬಂದವೋ ಆ ಸಭೆ, ಅದರಲ್ಲಿಯೂ ಹಳ್ಳಿಯ ಸಭೆ, ಹೇಗೆ ಕಟ್ಟಿಕೊಂಡಿತು, ಅದರೊಳಗೆ ಬಂದವರು ಏನನ್ನು ಬಿಟ್ಟರು, ಏನನ್ನು ಉಳಿಸಿಕೊಂಡರು ಎಂಬ ಪ್ರಶ್ನೆಗಳಿಗೆ ನಮ್ಮ ವಿದ್ವತ್ತು ಅಷ್ಟಾಗಿ ಗಮನ ಕೊಟ್ಟಿಲ್ಲ. ಧರ್ಮಚರಿತ್ರೆಯವರಿಗೆ ಅದು ಸಣ್ಣ ಸಂಗತಿ. ಜಾನಪದ ವಿದ್ವಾಂಸರಿಗೆ ಅದು ಹೊರಗಿನ ಸಂಗತಿ. ಈ ಎರಡರ ನಡುವೆ ಹಳ್ಳಿಯ ಕ್ರೈಸ್ತರು ಚರಿತ್ರೆಯಿಲ್ಲದವರಾಗಿ ಉಳಿದಿದ್ದಾರೆ.

ಈ ಪ್ರಬಂಧದ ಪ್ರದೇಶ ತುಮಕೂರು ಜಿಲ್ಲೆ. ಶಿಕ್ಷಣ ಇಲಾಖೆಯ ವ್ಯವಸ್ಥೆಯಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿ ಒಂದುಗೂಡಿರುವ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಿಂದ ಈ ವಿಚಾರಣೆ ಹೊರಡುತ್ತದೆ. ಈ ಸೀಮೆಗೆ ಪ್ರೊಟೆಸ್ಟೆಂಟ್ ಮಿಷನ್ ಬಂದ ದಾರಿಯನ್ನು ಹಿಡಿದು ಹೋದರೆ ಅದು ಜಿಲ್ಲೆಯ ದಕ್ಷಿಣಭಾಗದ ಗುಬ್ಬಿಗೆ ತಲುಪುತ್ತದೆ. ಆದುದರಿಂದ ಗುಬ್ಬಿ ಮತ್ತು ತುಮಕೂರುಗಳನ್ನು ಕೇಂದ್ರವಾಗಿಟ್ಟುಕೊಂಡು, ಉತ್ತರದ ನಾಲ್ಕು ತಾಲ್ಲೂಕುಗಳನ್ನು ಆ ಕೇಂದ್ರದ ಹೊರವಲಯವಾಗಿ ನೋಡಲಾಗಿದೆ. ಗ್ರಾಮೀಣ ಸಭೆಯ ಚರಿತ್ರೆಯನ್ನು ಪಂಥದ ಹೆಸರು ವಿವರಿಸುವುದಕ್ಕಿಂತ ಹೆಚ್ಚಾಗಿ ಸಂತೆ, ಬರಗಾಲ, ಶಾಲೆ ಮತ್ತು ಭಾಷೆ ವಿವರಿಸುತ್ತವೆ. ಆ ಸಭೆ ನಿರ್ಮಿಸಿದ ದಾಖಲೆಗಳು ಗ್ರಾಮಜೀವನದ ಬಗ್ಗೆ ಬಹಳ ಮಾತನಾಡಿದರೂ ಸಭೆಗೆ ಸೇರಿದವರ ಸ್ವಂತ ಮಾತಿನ ಬಗ್ಗೆ ಮೌನವಾಗಿವೆ ಎಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ.

ಸೀಮೆಯ ಹಿನ್ನೆಲೆ

ಉತ್ತರದ ಈ ನಾಲ್ಕು ತಾಲ್ಲೂಕುಗಳು ಬಯಲುಸೀಮೆಯ ಒಣಭೂಮಿ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಉಳಿದಂತೆ ಕೆರೆ, ಬಾವಿಗಳೇ ಗತಿ. ರಾಗಿ, ಹುರುಳಿಯ ಬೇಸಾಯ, ಕುರಿಗಾರಿಕೆ, ಕಂಬಳಿ ನೇಯ್ಗೆ ಇಲ್ಲಿನ ಬದುಕಿನ ಆಧಾರಗಳಾಗಿದ್ದವು. ಪಾವಗಡ ಹತ್ತೊಂಬತ್ತನೆಯ ಶತಮಾನದ ಬಹುಭಾಗ ಚಿತ್ರದುರ್ಗಕ್ಕೆ ಸೇರಿತ್ತು. ಬಹುಪಾಲು ದಿಕ್ಕುಗಳಲ್ಲಿ ತೆಲುಗು ಸೀಮೆಯಿಂದ ಆವೃತವಾದ ಅಲ್ಲಿ ಕನ್ನಡ, ತೆಲುಗು ಎರಡೂ ಮನೆಮಾತುಗಳು.

ಧಾರ್ಮಿಕವಾಗಿ ಇದು ಖಾಲಿ ನೆಲವಾಗಿರಲಿಲ್ಲ. 1687ರಲ್ಲಿ ಮೊಗಲರ ಆಡಳಿತ ಕೇಂದ್ರವಾದ ಶಿರಾದಲ್ಲಿ ಮಲಿಕ್ ರಿಹಾನನ ಗೋರಿ ಮತ್ತು ಜುಮ್ಮಾ ಮಸೀದಿಗಳಿವೆ. ಮಧುಗಿರಿಯಲ್ಲಿ ಕೋಟೆಯ ಜೊತೆಗೆ ಜೈನ ಬಸದಿಯೂ ದಂಡಿನ ಮಾರಮ್ಮನ ಗುಡಿಯೂ ಇವೆ. ಕೊರಟಗೆರೆಯ ಸಿದ್ಧರಬೆಟ್ಟ ಸಿದ್ಧಪರಂಪರೆಯ ನೆಲೆ. ಶಿರಾ ಸುತ್ತಿನ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಮಹಾಕಾವ್ಯ ಇಂದಿಗೂ ಹಾಡಿನಲ್ಲಿ ಉಳಿದಿದೆ. ದಕ್ಷಿಣಕ್ಕೆ ಸಿದ್ಧಗಂಗೆ, ಎಡೆಯೂರುಗಳ ವೀರಶೈವ ಪರಂಪರೆ ಪ್ರಬಲವಾಗಿತ್ತು. ಒಂದು ಹೊಸ ಮತ ಇಂತಹ ಸೀಮೆಗೆ ಬಂದಾಗ ಅದು ಎದುರಿಸಿದ್ದು ಅಜ್ಞಾನವನ್ನಲ್ಲ, ತನ್ನದೇ ಗುರು, ದೀಕ್ಷೆ, ಪವಾಡ, ಹಾಡು, ಕಥನಗಳುಳ್ಳ ತುಂಬು ಲೋಕವನ್ನು. ಮಿಷನರಿ ಬರಹಗಳು ಬಳಸುವ ‘ಕತ್ತಲು’ ಎಂಬ ರೂಪಕವನ್ನು ಓದುವಾಗ ಈ ಹಿನ್ನೆಲೆಯನ್ನು ಮರೆಯಲಾಗದು.

ಪಂಥದ ಹೆಸರು ಮತ್ತು ಮೈಸೂರು ಸೀಮೆ

ಪ್ರೆಸ್ಬಿಟೇರಿಯನ್ ಪದ್ಧತಿ ಸ್ಕಾಟ್ಲೆಂಡಿನ ರಾಷ್ಟ್ರೀಯ ಸಭೆಯ ಪದ್ಧತಿ. ಬಿಷಪ್ಪರ ಅಧಿಕಾರಕ್ಕೆ ಬದಲಾಗಿ, ಸಭೆ ಆರಿಸಿದ ಹಿರಿಯರು ಸಭಾಪಾಲಕರೊಡನೆ ಕುಳಿತು ಆಡಳಿತ ನಡೆಸುವುದು ಅದರ ತಿರುಳು. ಮೈಸೂರು ಸೀಮೆಯಲ್ಲಿ ಈ ಹೆಸರಿನ ಸಭೆ ಪ್ರಮುಖವಾಗಿ ಕಾಣಿಸಿಕೊಂಡದ್ದು ಹಳ್ಳಿಯಲ್ಲಲ್ಲ, ಬೆಂಗಳೂರಿನ ದಂಡುಪ್ರದೇಶದಲ್ಲಿ. ಅಲ್ಲಿನ ಸಂತ ಆಂಡ್ರೂಸ್ ದೇವಾಲಯಕ್ಕೆ 1864ರಲ್ಲಿ ಅಸ್ತಿಭಾರ ಹಾಕಿ 1866ರಲ್ಲಿ ಪ್ರತಿಷ್ಠೆ ಮಾಡಲಾಯಿತು. ಅದು ಮೂಲತಃ ಸ್ಕಾಟಿಷ್ ಸೈನಿಕರು ಮತ್ತು ನಿವಾಸಿಗಳ ಆರಾಧನಾ ಸ್ಥಳ.

ಹಳ್ಳಿಗಾಡಿನ ಕನ್ನಡ ಕೆಲಸವನ್ನು ಬೇರೆ ಮಿಷನ್‌ಗಳು ವಹಿಸಿಕೊಂಡಿದ್ದವು. ಲಂಡನ್ ಮಿಷನ್ ಬಳ್ಳಾರಿಯಲ್ಲಿ 1810ರಿಂದ ನೆಲೆಸಿ, ಮುಂದೆ ಬೆಂಗಳೂರಿಗೂ ಬಂದಿತು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ವಿಸ್ತರಿಸಿತು. ಮೈಸೂರು ಸಂಸ್ಥಾನದ ಬಹುಭಾಗ, ತುಮಕೂರು ಸೀಮೆಯೂ ಸೇರಿ, ವೆಸ್ಲಿಯನ್ ಮೆಥೊಡಿಸ್ಟ್ ಮಿಷನ್ನಿನ ಕ್ಷೇತ್ರವಾಯಿತು. ಒಂದು ಮಿಷನ್ ಕೆಲಸಮಾಡುವ ಸೀಮೆಯಲ್ಲಿ ಇನ್ನೊಂದು ಕೈಯಿಡಬಾರದೆಂಬ ಪರಸ್ಪರ ತಿಳಿವಳಿಕೆ ಪ್ರೊಟೆಸ್ಟೆಂಟ್ ಮಿಷನ್‌ಗಳ ನಡುವೆ ಬೆಳೆದಿತ್ತು. ಹೀಗಾಗಿ ಹಳ್ಳಿಗನೊಬ್ಬ ಯಾವ ಪಂಥದವನಾಗುತ್ತಾನೆ ಎಂಬುದನ್ನು ಅವನ ಆಯ್ಕೆಗಿಂತ ಅವನ ಊರು ನಿರ್ಧರಿಸುತ್ತಿತ್ತು. ಗದಗಿನ ಬಳಿ ಹುಟ್ಟಿದವನು ಬಾಸೆಲ್ ಸಭೆಯವನು, ಗುಬ್ಬಿಯ ಬಳಿ ಹುಟ್ಟಿದವನು ವೆಸ್ಲಿಯನ್ನನು. ಪಾವಗಡದ ಆಚೆ ಅನಂತಪುರದ ಕಡೆಯವನಾದರೆ ಲಂಡನ್ ಮಿಷನ್ನಿನ ತೆಲುಗು ಸಭೆಗೆ ಸೇರಬೇಕು. ಹಳ್ಳಿಯ ಸಭೆಯನ್ನು ಅಧ್ಯಯನ ಮಾಡುವವರು ಪಂಥದ ಹೆಸರಿಗೆ ಹೆಚ್ಚು ಅರ್ಥ ಕೊಡಬಾರದೆನ್ನುವುದಕ್ಕೆ ಇದು ಮೊದಲ ಕಾರಣ.

ಗುಬ್ಬಿಯ ಸಂತೆದಾರಿ

ವೆಸ್ಲಿಯನ್ ಮಿಷನರಿಗಳು ಬೆಂಗಳೂರಿಗೆ 1820ರ ದಶಕದ ಆರಂಭದಲ್ಲಿಯೇ ಬಂದಿದ್ದರೂ ಅವರ ಮೊದಲ ಕೆಲಸ ದಂಡಿನ ತಮಿಳರ ನಡುವೆ ನಡೆಯಿತು. 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನ್ನಿನ ಕೈಗೆ ಬಂದ ಬಳಿಕ, 1830ರ ದಶಕದ ನಡುಭಾಗದಲ್ಲಿ ಕನ್ನಡದ ಕೆಲಸ ಆರಂಭವಾಯಿತು. 1837ರಲ್ಲಿ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆಯೂರಿದರು. ಮುಂದೆ ಕನ್ನಡ ವ್ಯಾಕರಣವೊಂದನ್ನು ಬರೆದು 1859ರಲ್ಲಿ ಪ್ರಕಟಿಸಿದವರು ಇವರೇ. 1839ರಲ್ಲಿ ಐರ್ಲೆಂಡ್ ಮೂಲದ ತರುಣ ವಿಲಿಯಂ ಆರ್ಥರ್ ಗುಬ್ಬಿಗೆ ಬಂದರು. ಕಣ್ಣಿನ ತೊಂದರೆಯಿಂದ 1841ರಲ್ಲಿ ಅವರು ಹಿಂದಿರುಗಬೇಕಾಯಿತು. ಈ ಅಲ್ಪಾವಧಿಯ ಅನುಭವದಿಂದ ಅವರು ಬರೆದ ‘ಎ ಮಿಷನ್ ಟು ದಿ ಮೈಸೂರ್’ 1847ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು.

ಜಿಲ್ಲೆಯಲ್ಲಿ ಶಿರಾದಂತಹ ಹಳೆಯ ರಾಜಧಾನಿಯೂ ಮಧುಗಿರಿಯಂತಹ ದುರ್ಗಪಟ್ಟಣವೂ ಇರುವಾಗ ಮಿಷನ್ ಗುಬ್ಬಿಯನ್ನೇಕೆ ಆರಿಸಿತು ಎಂಬ ಪ್ರಶ್ನೆಗೆ ಉತ್ತರ ಸಂತೆಯಲ್ಲಿದೆ. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯ ವರ್ತಕರನ್ನೂ ಅದರ ವಾರದ ಸಂತೆಯನ್ನೂ ವಿಶೇಷವಾಗಿ ಗಮನಿಸಿದ್ದಾರೆ. ಅಡಕೆ, ಕೊಬ್ಬರಿ, ಬಟ್ಟೆ, ಕಂಬಳಿಗಳ ವ್ಯಾಪಾರಕ್ಕೆ ಮಲೆನಾಡಿನವರೂ ಬಯಲುಸೀಮೆಯವರೂ ಇಲ್ಲಿ ಕೂಡುತ್ತಿದ್ದರು. ಸಂಚಾರಿ ಬೋಧಕನಿಗೆ ಸಂತೆಯೆಂದರೆ ಒಂದೇ ದಿನದಲ್ಲಿ ನೂರು ಹಳ್ಳಿಗಳನ್ನು ಮುಟ್ಟುವ ಜಾಗ. ದಾಸಯ್ಯ, ಗೊರವ, ಬುಡಬುಡಿಕೆಯವ, ತತ್ತ್ವಪದಕಾರ ಎಲ್ಲರೂ ಸಂತೆಯನ್ನೇ ಆಶ್ರಯಿಸಿದ್ದವರು. ಮಿಷನರಿಯೂ ಅದೇ ಬಯಲಿನಲ್ಲಿ, ಅದೇ ಕೇಳುಗರ ಎದುರು, ಇನ್ನೊಬ್ಬ ಸಂಚಾರಿ ಮಾತುಗಾರನಾಗಿ ನಿಂತನು. ಜನ ಅವನನ್ನು ಕೇಳಿದ ಬಗೆಯೂ ಹಾಗೆಯೇ ಇತ್ತೆಂದು ತಿಳಿಯುವುದು ಯುಕ್ತ: ಕುತೂಹಲ, ಪ್ರಶ್ನೆ, ವಾದ, ಹಾಸ್ಯ, ಆಮೇಲೆ ಮನೆಯ ದಾರಿ. ದೊಡ್ಡ ಸಂಖ್ಯೆಯ ಮತಾಂತರ ಇದರಿಂದ ಆಗಲಿಲ್ಲ.

ಸಂತೆದಾರಿಯ ಈ ತರ್ಕವನ್ನು ಮುಂದೆ ರೈಲು ಇನ್ನಷ್ಟು ಬಲಪಡಿಸಿತು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಬಂದ ರೈಲುಮಾರ್ಗ ಗುಬ್ಬಿ, ಅರಸೀಕೆರೆಗಳ ಮೂಲಕ 1889ರ ಹೊತ್ತಿಗೆ ಹರಿಹರವನ್ನು ತಲುಪಿತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಪಟ್ಟಣಗಳು ಈ ಮಾರ್ಗದ ಹೊರಗೇ ಉಳಿದವು. ಶಾಲೆ, ಮುದ್ರಿತ ಪುಸ್ತಕ, ವೈದ್ಯ, ಬೋಧಕ ಎಲ್ಲರೂ ರೈಲು ಹೋದಲ್ಲಿಗೆ ಬೇಗನೆ ಹೋದರು. ಉತ್ತರದ ತಾಲ್ಲೂಕುಗಳಿಗೆ ಎತ್ತಿನಗಾಡಿಯ ವೇಗದಲ್ಲಿ ಬಂದರು. ಆ ತಾಲ್ಲೂಕುಗಳು ಹೊರವಲಯವಾಗಿ ಉಳಿದದ್ದಕ್ಕೆ ಇದೂ ಒಂದು ಕಾರಣ.

ಚಿಕ್ಕನಿಂದ ದಾನಿಯೇಲನವರೆಗೆ

ಗುಬ್ಬಿಯ ಕೆಲಸದಿಂದ ಹುಟ್ಟಿದ ಅತ್ಯಂತ ಕುತೂಹಲಕರ ಪುಸ್ತಕ ಹಾಡ್ಸನ್ ಅವರ ‘ಓಲ್ಡ್ ಡೇನಿಯಲ್’. ಇದು 1877ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಗುಬ್ಬಿ ಸಮೀಪದ ಸಿಂಗೋನಹಳ್ಳಿಯ ಚಿಕ್ಕ ಎಂಬ ಹಳ್ಳಿಗರು ದೀಕ್ಷಾಸ್ನಾನ ಪಡೆದು ದಾನಿಯೇಲರಾದ ಕಥೆ ಇದರ ವಸ್ತು. ಮತಾಂತರಿತ ಹಿಂದೂ ಒಬ್ಬನ ಸ್ಮರಣೆ, ಗುಬ್ಬಿ ಸರ್ಕಿಟ್ಟಿನ ಮಿಷನ್ ಕೆಲಸ, ಭಾರತದ ಗ್ರಾಮಜೀವನದ ವರ್ಣನೆ ಎಂಬ ಮೂರನ್ನೂ ಪುಸ್ತಕದ ಉಪಶೀರ್ಷಿಕೆಯೇ ಹೇಳಿಕೊಳ್ಳುತ್ತದೆ. ಅಂದರೆ ಹತ್ತೊಂಬತ್ತನೆಯ ಶತಮಾನದ ತುಮಕೂರು ಸೀಮೆಯ ಸಾಮಾನ್ಯ ಹಳ್ಳಿಗನೊಬ್ಬನನ್ನು ನಾಯಕನನ್ನಾಗಿಟ್ಟುಕೊಂಡು ಬಂದ ಮುದ್ರಿತ ಜೀವನಕಥನ ಇದು. ರಾಜ, ಗುರು, ಕವಿಗಳಲ್ಲದವರ ಜೀವನ ಪುಸ್ತಕವಾಗುವುದು ಆ ಕಾಲದಲ್ಲಿ ಅಪರೂಪದ ಸಂಗತಿ. ಸ್ಥಳೀಯ ಚರಿತ್ರೆಯ ದೃಷ್ಟಿಯಿಂದ ಇದರ ಬೆಲೆ ದೊಡ್ಡದು.

ಆದರೆ ಈ ಪುಸ್ತಕವನ್ನು ಓದುವ ಕ್ರಮದ ಬಗ್ಗೆ ಎಚ್ಚರ ಬೇಕು. ಮತಾಂತರ ಕಥನ ಒಂದು ಪ್ರಕಾರ. ಅದಕ್ಕೆ ತನ್ನದೇ ಆದ ಆಶಯಗಳಿವೆ: ಹಳೆಯ ನಂಬಿಕೆಯಲ್ಲಿ ಕಳೆದ ಬಾಲ್ಯ, ಶಂಕೆ, ಉಪದೇಶಕನ ಭೇಟಿ, ಬಂಧುಗಳ ವಿರೋಧ, ದೃಢನಿಶ್ಚಯ, ಶಾಂತವಾದ ಮರಣ. ಶರಣರ ಪುರಾಣಗಳನ್ನೂ ಅರವತ್ತುಮೂವರು ಪುರಾತನರ ಕಥೆಗಳನ್ನೂ ಬಲ್ಲವರಿಗೆ ಈ ಚೌಕಟ್ಟು ಅಪರಿಚಿತವಲ್ಲ. ಅಲ್ಲಿಯೂ ಭಕ್ತನ ಬದುಕು ಪರೀಕ್ಷೆಗಳ ಸಾಲಾಗಿಯೇ ಕಾಣುತ್ತದೆ. ವ್ಯತ್ಯಾಸವಿರುವುದು ಕೇಳುಗರಲ್ಲಿ. ಪುರಾತನರ ಕಥೆಯನ್ನು ಭಕ್ತರ ಸಮುದಾಯ ತನಗಾಗಿ ಹೇಳಿಕೊಂಡಿತು; ದಾನಿಯೇಲರ ಕಥೆಯನ್ನು ಮಿಷನರಿ ಇಂಗ್ಲೆಂಡಿನ ಬೆಂಬಲಿಗರಿಗಾಗಿ ಇಂಗ್ಲಿಷಿನಲ್ಲಿ ಹೇಳಿದರು. ಸಿಂಗೋನಹಳ್ಳಿಯ ಒಬ್ಬ ಮನುಷ್ಯ ತನ್ನ ಕನ್ನಡದಲ್ಲಿ, ತನ್ನ ಮಕ್ಕಳಿಗೆ, ಜಗಲಿಯ ಮೇಲೆ ಕುಳಿತು ಹೇಳಿರಬಹುದಾದ ಕಥೆ ಇದಲ್ಲ.

ಹೆಸರಿನ ಬದಲಾವಣೆಯೇ ಒಂದು ಚರಿತ್ರೆ. ಚಿಕ್ಕ, ಚಿಕ್ಕಣ್ಣ, ಚಿಕ್ಕಯ್ಯ ಎಂಬವು ಈ ಸೀಮೆಯಲ್ಲಿ ಮನೆಯೊಳಗಿನ ಸ್ಥಾನವನ್ನು ಸೂಚಿಸುವ ಹೆಸರುಗಳು. ದೊಡ್ಡವನೊಬ್ಬ ಇದ್ದಾನೆಂಬ ಸೂಚನೆ ಅವುಗಳಲ್ಲಿದೆ. ದಾನಿಯೇಲ ಎಂಬುದು ಬಂಧುವರ್ಗದ ಈ ನೇಯ್ಗೆಯಿಂದ ಆಚೆಗೆ, ಗ್ರಂಥದ ಲೋಕಕ್ಕೆ ಮನುಷ್ಯನನ್ನು ಒಯ್ಯುತ್ತದೆ. ಕನ್ನಡ ಪ್ರೊಟೆಸ್ಟೆಂಟ್ ಕುಟುಂಬಗಳಲ್ಲಿ ಬೈಬಲ್ ಹೆಸರುಗಳ ಜೊತೆಗೆ ಕರುಣೆ, ಕೃಪೆ, ಸತ್ಯ, ಶಾಂತಿ ಎಂಬ ಪದಗಳಿಂದಾದ ದೇಶೀಯ ಹೆಸರುಗಳೂ ರೂಢಿಗೆ ಬಂದವು. 1947ರಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪನೆಯಾದಾಗ ಮೈಸೂರಿನ ಬಿಷಪ್ಪರಾದವರ ಹೆಸರು ಪಿ. ಗುರುಶಾಂತ. ಇಡಿಯ ನಾಡಿಗೆ ಪರಿಚಿತವಾದ ವೀರಶೈವ ಧ್ವನಿಯ ಒಂದು ಹೆಸರು ಬಿಷಪ್ಪರ ಪೀಠದಲ್ಲಿ ಕುಳಿತದ್ದು ಆಕಸ್ಮಿಕ ಅಲಂಕಾರವಲ್ಲ. ಹೆಸರು ಬಿಡುವುದೂ ಉಳಿಸಿಕೊಳ್ಳುವುದೂ ಜೊತೆಜೊತೆಯಾಗಿ ನಡೆದ ಪ್ರಕ್ರಿಯೆಗಳೆಂಬುದಕ್ಕೆ ಅದು ಸಾಕ್ಷಿ.

ಧಾತು ಈಶ್ವರದ ಬರ

‘ಓಲ್ಡ್ ಡೇನಿಯಲ್’ ಲಂಡನ್ನಿನಲ್ಲಿ ಅಚ್ಚಾಗುತ್ತಿದ್ದ ವರ್ಷದಲ್ಲಿಯೇ ಅದರ ನಾಯಕನ ಸೀಮೆ ಬೆಂದುಹೋಗುತ್ತಿತ್ತು. 1876-78ರ ಕ್ಷಾಮವನ್ನು ಹಳೆಯ ಮೈಸೂರಿನ ಜನ ಸಂವತ್ಸರಗಳ ಹೆಸರಿನಿಂದ ಧಾತು ಈಶ್ವರದ ಬರ ಎಂದು ಕರೆಯುತ್ತ ಬಂದಿದ್ದಾರೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷಗಳ ಬಳಿಕ 1881ರಲ್ಲಿ ಅದು 41,86,188ಕ್ಕೆ ಇಳಿದಿತ್ತು. ಸಹಜವಾಗಿ ಹೆಚ್ಚಬೇಕಾಗಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕೂ ಮಿಕ್ಕಿ ಕಡಿಮೆಯಾಗಿತ್ತು. ಮಳೆಯನ್ನೇ ನಂಬಿದ ಪೂರ್ವ ಮತ್ತು ಉತ್ತರದ ಜಿಲ್ಲೆಗಳು, ಅವುಗಳೊಳಗೆ ತುಮಕೂರು, ಚಿತ್ರದುರ್ಗ, ಕೋಲಾರಗಳು, ಅತಿ ಹೆಚ್ಚು ನಷ್ಟವನ್ನು ಅನುಭವಿಸಿದವು. ಪ್ರಸ್ತುತ ಚರ್ಚೆಯ ನಾಲ್ಕು ತಾಲ್ಲೂಕುಗಳು ಈ ಬರಪಟ್ಟಿಯ ನಡುವೆಯೇ ಇವೆ.

ಗ್ರಾಮೀಣ ಸಭೆಯ ಚರಿತ್ರೆ ಇಲ್ಲಿ ತಿರುವು ಪಡೆಯುತ್ತದೆ. ನಾಲ್ಕು ದಶಕಗಳ ಸಂತೆಬೋಧೆ ಬೆರಳೆಣಿಕೆಯ ಕುಟುಂಬಗಳನ್ನು ಸೇರಿಸಿದ್ದರೆ, ಬರಗಾಲ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳನ್ನು ಗುಂಪುಗುಂಪಾಗಿ ಮಿಷನ್ನಿನ ಬಾಗಿಲಿಗೆ ತಂದಿತು. ವೆಸ್ಲಿಯನ್ ಮಿಷನ್ ತುಮಕೂರಿನಲ್ಲಿ ಹುಡುಗರಿಗೂ ಹಾಸನದಲ್ಲಿ ಹುಡುಗಿಯರಿಗೂ ಅನಾಥಾಲಯಗಳನ್ನು ತೆರೆಯಿತು. ತುಮಕೂರಿನಲ್ಲಿ ಕೈಕಸುಬು ಕಲಿಸುವ ಶಾಲೆಯೂ ಬೆಳೆಯಿತು. ಹೊಲ ಮತ್ತು ಜಾತಿವೃತ್ತಿ ಎರಡನ್ನೂ ಕಳೆದುಕೊಂಡ ಮಕ್ಕಳಿಗೆ ಬಡಗಿ, ಕಮ್ಮಾರಿಕೆಯಂತಹ ಕಸುಬು ಹೊಸ ಗುರುತನ್ನು ಕೊಟ್ಟಿತು.

ಇದನ್ನು ಸರಳವಾದ ಕರುಣೆಯ ಕಥೆಯಾಗಿಯೂ ಸರಳವಾದ ಆಮಿಷದ ಕಥೆಯಾಗಿಯೂ ಹೇಳಬಹುದು; ಎರಡೂ ರೀತಿಯಲ್ಲಿ ಹೇಳಿದ್ದೂ ಉಂಟು. ಎರಡೂ ಕಥೆಗಳಲ್ಲಿ ಮಗು ಮಾತನಾಡುವುದಿಲ್ಲ. ಬರದಲ್ಲಿ ಊರು ಬಿಟ್ಟ ಮಗುವಿಗೆ ಮನೆದೇವರ ಹೆಸರು ನೆನಪಿತ್ತೇ, ತಾಯಿಯ ಜೋಗುಳ ನೆನಪಿತ್ತೇ, ದೊಡ್ಡವನಾದ ಮೇಲೆ ಊರನ್ನು ಹುಡುಕಿಕೊಂಡು ಹೋದನೇ, ಹೋದರೆ ಹಟ್ಟಿಯವರು ಅವನನ್ನು ಒಳಗೆ ಕರೆದರೇ ಎಂಬ ಪ್ರಶ್ನೆಗಳನ್ನು ಅನಾಥಾಲಯದ ವರದಿ ಕೇಳುವುದಿಲ್ಲ. ವರದಿಗೆ ಬೇಕಾದದ್ದು ಸಂಖ್ಯೆ, ಖರ್ಚು, ದೀಕ್ಷಾಸ್ನಾನದ ಎಣಿಕೆ. ಜಾನಪದ ವಿದ್ಯಾರ್ಥಿಗೆ ಬೇಕಾದದ್ದು ಆ ಪ್ರಶ್ನೆಗಳ ಉತ್ತರ. ಬರಗಾಲದ ಬಗ್ಗೆ ಹಳೆಯ ಮೈಸೂರಿನಲ್ಲಿ ಲಾವಣಿ, ಗಾದೆ, ಒಡಪುಗಳನ್ನು ಹುಡುಕುವ ನಾವು ಆ ಬರದಿಂದಲೇ ಹುಟ್ಟಿದ ಸಮುದಾಯವೊಂದರ ನೆನಪುಗಳನ್ನು ಬರಗಾಲದ ಮೌಖಿಕ ಪರಂಪರೆಯ ಭಾಗವೆಂದು ಎಣಿಸಿಲ್ಲ.

ಶಾಲೆ ಮತ್ತು ಕಟ್ಟೆ

ಬರಗಾಲದಿಂದ ಬಂದವರು ಸಭೆಯಾಗಿ ನೆಲೆಗೊಳ್ಳಲು ಶಾಲೆ ಬೇಕಾಯಿತು. 1854ರ ವುಡ್ ನಿರೂಪದ ಬಳಿಕ ಖಾಸಗಿ ಶಾಲೆಗಳಿಗೆ ಸರ್ಕಾರದ ಧನಸಹಾಯ ದೊರೆಯತೊಡಗಿತು. 1868ರಲ್ಲಿ ಬಿ. ಎಲ್. ರೈಸ್ ಅವರು ರೂಪಿಸಿದ ಹೋಬಳಿ ಶಾಲೆಗಳ ಯೋಜನೆ ಮೈಸೂರಿನ ಹಳ್ಳಿಗಳಿಗೆ ಸರ್ಕಾರಿ ಶಿಕ್ಷಣವನ್ನು ತಂದಿತು. ಆದರೆ ಶಾಲೆಯ ಜಗಲಿ ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಲಿಲ್ಲ. ಕೇರಿಯ ಮಕ್ಕಳು ಅಕ್ಷರವನ್ನು ಮುಟ್ಟಲು ಅನೇಕ ಕಡೆ ಮಿಷನ್ ಶಾಲೆ ದಾರಿಯಾಯಿತು. ಜೊತೆಗೇ ಆ ಶಾಲೆಗಳ ಎಲ್ಲ ವಿದ್ಯಾರ್ಥಿಗಳೂ ಕ್ರೈಸ್ತರಾಗಲಿಲ್ಲವೆಂಬುದನ್ನೂ ಹೇಳಬೇಕು. ಪಟ್ಟಣದ ಮಿಷನ್ ಶಾಲೆಗಳಲ್ಲಿ ಇಂಗ್ಲಿಷ್ ಕಲಿತ ಮೇಲ್ವರ್ಗದ ಹುಡುಗರು ನೌಕರಿಗೆ ಹೋದರು, ಧರ್ಮ ಬದಲಿಸಲಿಲ್ಲ.

ಶಾಲೆಯ ಮೇಷ್ಟರೇ ಹಳ್ಳಿಯಲ್ಲಿ ಉಪದೇಶಿಯೂ ಆಗಿರುವುದು ಮಿಷನ್ ಪದ್ಧತಿಯ ಸಾಮಾನ್ಯ ಲಕ್ಷಣ. ಮೆಥೊಡಿಸ್ಟ್ ಕ್ರಮದಲ್ಲಿ ಅಭಿಷಿಕ್ತ ಬೋಧಕರು ಕೆಲವು ವರ್ಷಗಳಿಗೊಮ್ಮೆ ಸರ್ಕಿಟ್ಟಿನಿಂದ ಸರ್ಕಿಟ್ಟಿಗೆ ವರ್ಗವಾಗುತ್ತಿದ್ದರು. ಊರಿನಲ್ಲಿ ಉಳಿಯುತ್ತಿದ್ದವರು ಉಪದೇಶಿ, ಕ್ಲಾಸಿನ ನಾಯಕ ಮತ್ತು ಹಿರಿಯರು. ಪುಸ್ತಕಗಳಲ್ಲಿ ಹೆಸರು ಉಳಿದದ್ದು ವರ್ಗವಾಗಿ ಹೋದವರದು; ಸಭೆಯನ್ನು ಉಳಿಸಿದವರು ಊರಿನಲ್ಲಿದ್ದವರು. ಇದು ಗ್ರಾಮೀಣ ಸಭೆಯ ಚರಿತ್ರೆಯ ದೊಡ್ಡ ವೈಪರೀತ್ಯ. ಮನೆಮನೆಗೆ ಹೋಗಿ ಹೆಂಗಸರೊಡನೆ ಮಾತನಾಡುತ್ತಿದ್ದ ಬೈಬಲ್ ಸ್ತ್ರೀಯರ ಪಾತ್ರವಂತೂ ಇನ್ನೂ ಮರೆಯಲ್ಲಿದೆ. ಹಳ್ಳಿಯ ಹೆಣ್ಣುಮಕ್ಕಳಿಗೆ ಓದು ಕಲಿಸಿದ ಮೊದಲಿಗರಲ್ಲಿ ಅವರಿದ್ದಾರೆ. ಅವರೇ ಬರೆದ ಬರಹ ವಿರಳವಾದ್ದರಿಂದ ಅವರ ಚರಿತ್ರೆಯನ್ನು ಮೊಮ್ಮಕ್ಕಳ ನೆನಪಿನಿಂದಲೇ ಕಟ್ಟಬೇಕು.

ಸಭೆಯ ಆಡಳಿತವನ್ನು ಗಮನಿಸಿದರೆ ಇನ್ನೊಂದು ಅಂಶ ಹೊಳೆಯುತ್ತದೆ. ಪ್ರೆಸ್ಬಿಟೇರಿಯನ್ನರ ಹಿರಿಯರ ಕೂಟ, ಮೆಥೊಡಿಸ್ಟರ ನಾಯಕರ ಕೂಟ, ಬಾಸೆಲ್ ಸಭೆಗಳ ಹಿರಿಯರ ಮಂಡಳಿ ಇವು ಯೂರೋಪಿನಲ್ಲಿ ಬೇರೆಬೇರೆ ವಾದಗಳಿಂದ ಹುಟ್ಟಿದ ಸಂಸ್ಥೆಗಳು. ಕನ್ನಡ ಹಳ್ಳಿಗೆ ಬಂದಾಗ ಅವು ಕಟ್ಟೆಯ ಮೇಲೆ ಕುಳಿತ ಹಿರಿಯರ ನ್ಯಾಯಕ್ಕೆ ಹತ್ತಿರವಾದವು. ಜಗಳ ಬಗೆಹರಿಸುವುದು, ಮದುವೆ ಕುದುರಿಸುವುದು, ತಪ್ಪು ಮಾಡಿದವರನ್ನು ಪಂಕ್ತಿಯಿಂದ ದೂರವಿಟ್ಟು ಮತ್ತೆ ಸೇರಿಸಿಕೊಳ್ಳುವುದು ಇವೆಲ್ಲ ಕುಲಪಂಚಾಯಿತಿಗೂ ಸಭೆಯ ಶಿಸ್ತಿಗೂ ಸಮಾನವಾದ ಕೆಲಸಗಳು. ಕುಲದ ಕಟ್ಟೆಯಿಂದ ಹೊರಬಿದ್ದವರಿಗೆ ಸಭೆ ಇನ್ನೊಂದು ಕಟ್ಟೆಯಾಯಿತು ಎಂದರೆ ತಪ್ಪಾಗಲಾರದು.

ದೇವರ ಮಾತಿನ ಕನ್ನಡ

ಹೊಸ ಸಭೆ ಯಾವ ಮಾತಿನಲ್ಲಿ ಪ್ರಾರ್ಥಿಸಬೇಕು ಎಂಬ ಪ್ರಶ್ನೆಗೆ ಉತ್ತರ ತುಮಕೂರಿನ ಹೊರಗೆ ಸಿದ್ಧವಾಯಿತು. ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ ಇಡಿಯ ಬೈಬಲ್ 1831ರ ಹೊತ್ತಿಗೆ ಕನ್ನಡದಲ್ಲಿ ಬಂದಿತು. ಮುಂದಿನ ದಶಕಗಳಲ್ಲಿ ಅದರ ಪರಿಷ್ಕರಣೆ ನಡೆಯಿತು. ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯ 1849ರಲ್ಲಿ ಜಾನ್ ಗ್ಯಾರೆಟ್ ಅವರ ಭಗವದ್ಗೀತೆಯ ಆವೃತ್ತಿಯನ್ನು ಅಚ್ಚುಹಾಕಿತು. ಡೇನಿಯಲ್ ಸ್ಯಾಂಡರ್ಸನ್ 1852ರಲ್ಲಿ ಜೈಮಿನಿ ಭಾರತದ ಭಾಗವನ್ನು ಅನುವಾದದೊಡನೆ ಪ್ರಕಟಿಸಿ, 1858ರಲ್ಲಿ ರೀವ್ ನಿಘಂಟನ್ನು ಪರಿಷ್ಕರಿಸಿದರು. 1887ರಲ್ಲಿ ಮೈಸೂರಿನಿಂದ ‘ವೃತ್ತಾಂತ ಪತ್ರಿಕೆ’ ಹೊರಟಿತು. ಹಳ್ಳಿಯ ಕೂಲಿಮಠಗಳಲ್ಲಿ ಬಾಯಿಪಾಠವಾಗುತ್ತಿದ್ದ ಜೈಮಿನಿಯನ್ನೇ ಮಿಷನ್ ಓದಿ ಅಚ್ಚುಹಾಕಿದ್ದು, ಜನರ ಕಿವಿ ಯಾವ ಕನ್ನಡಕ್ಕೆ ಹೊಂದಿದೆ ಎಂಬುದನ್ನು ಅದು ಅರಿತಿದ್ದನ್ನು ತೋರಿಸುತ್ತದೆ.

ಸಭೆಯ ಪದಕೋಶವನ್ನು ನೋಡೋಣ. ಬೈಬಲ್ ‘ಸತ್ಯವೇದ’ವಾಯಿತು, ಬ್ಯಾಪ್ಟಿಸಂ ‘ದೀಕ್ಷಾಸ್ನಾನ’ವಾಯಿತು, ಪ್ರಭುವನ್ನು ‘ಕರ್ತ’ನೆಂದು ಕರೆದರು, ಆರಾಧನೆಯ ಕಟ್ಟಡ ‘ದೇವಾಲಯ’ವೆನಿಸಿತು, ಹಾಡುಗಳು ‘ಕೀರ್ತನೆ’ಗಳಾದವು. ದೀಕ್ಷೆ ಶೈವ ಗುರುಪರಂಪರೆಯ ಮಾತು, ಕರ್ತ-ಭೃತ್ಯ ಸಂಬಂಧ ವಚನಕಾರರ ಪರಿಭಾಷೆ, ಕೀರ್ತನೆ ದಾಸರದು, ವೇದ ವೈದಿಕರದು. ಇವನ್ನು ಆರಿಸಿದವರು ಮಿಷನರಿಗಳು ಮಾತ್ರವಲ್ಲ. ಅವರ ಪಕ್ಕದಲ್ಲಿ ಕುಳಿತು ಪದ ಹುಡುಕಿಕೊಟ್ಟ ಮುನ್ಷಿಗಳೂ ಪಂಡಿತರೂ ಇದ್ದರು. ಹೀಗೆ ಸಿಂಗೋನಹಳ್ಳಿಯ ಚಿಕ್ಕ ದಾನಿಯೇಲನಾದಾಗಲೂ ಅವನು ಉಚ್ಚರಿಸಿದ ಪ್ರಾರ್ಥನೆಯ ಪ್ರತಿಯೊಂದು ಮುಖ್ಯ ಪದಕ್ಕೂ ಅದೇ ಸೀಮೆಯಲ್ಲಿ ಹಳೆಯ ನೆಲೆಯಿತ್ತು. ಮತಾಂತರವನ್ನು ಸಂಪೂರ್ಣ ವಿಚ್ಛೇದವೆಂದು ಭಾವಿಸುವವರು ಈ ಭಾಷಿಕ ಸಾತತ್ಯವನ್ನು ಗಮನಿಸಬೇಕು.

ತೌಲನಿಕವಾಗಿ ಉತ್ತರ ಕರ್ನಾಟಕದ ಎರಡು ಸಂಗತಿಗಳನ್ನು ಇಲ್ಲಿ ನೆನೆಯಬಹುದು. ಮೊದಲನೆಯದು ಗದಗಿನ ಬಳಿಯ ಮಲ್ಲಸಮುದ್ರ. ಹೊಸ ಗುರುಗಳು ಬರುವರೆಂದು ಸಾರುವ ಕಾಲಜ್ಞಾನದ ನುಡಿಗಳನ್ನು ನಂಬಿದ ಗುಂಪೊಂದು ಬಾಸೆಲ್ ಮಿಷನರಿಗಳನ್ನು ಸಂಪರ್ಕಿಸಿದಾಗ, 1841ರಲ್ಲಿ ಅಲ್ಲಿ ಕೃಷಿನೆಲೆಯೊಂದನ್ನು ಸ್ಥಾಪಿಸಲಾಯಿತು. ನಿರೀಕ್ಷಿಸಿದ ಸಮೂಹ ಮತಾಂತರ ನಡೆಯಲಿಲ್ಲ. ಆದರೆ ಮೌಖಿಕ ಪರಂಪರೆಯೇ ಮಿಷನ್ನನ್ನು ತನ್ನ ಭವಿಷ್ಯವಾಣಿಯೊಳಗೆ ಸೇರಿಸಿಕೊಳ್ಳಲು ಪ್ರಯತ್ನಿಸಿದ ಉದಾಹರಣೆ ಇದು. ಎರಡನೆಯದು ಬಾಸೆಲ್ ಸಭೆಯ ಬೋಧಕರಾಗಿದ್ದ ಉತ್ತಂಗಿ ಚನ್ನಪ್ಪನವರು (1881-1962). ಹಳ್ಳಿಹಳ್ಳಿ ತಿರುಗಿ ಅವರು ಕೂಡಿಸಿದ ಸರ್ವಜ್ಞನ ವಚನಗಳು 1924ರಲ್ಲಿ ಪ್ರಕಟವಾದವು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿ ಅವರಿಗೆ ಸಂದಿತು. ಹಳ್ಳಿಯ ಸಭಾಪಾಲಕ ನಾಡಿನ ಮಾತನ್ನು ಕೂಡಿಸುವವನಾಗಬಲ್ಲನೆಂಬುದಕ್ಕೆ ಅವರು ಉಜ್ವಲ ನಿದರ್ಶನ. ನಾಡು ಹಳ್ಳಿಯ ಸಭೆಯ ಮಾತನ್ನು ಕೂಡಿಸುವ ಪ್ರತಿಕ್ರಿಯೆ ಮಾತ್ರ ಅಷ್ಟೇ ಉತ್ಸಾಹದಿಂದ ನಡೆಯಲಿಲ್ಲ.

ಏಕೀಕರಣ ಮತ್ತು ಅನಂತರ

1908ರಲ್ಲಿ ದಕ್ಷಿಣ ಭಾರತದ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಪರಂಪರೆಯ ಸಭೆಗಳು ಕೂಡಿ ದಕ್ಷಿಣ ಭಾರತ ಐಕ್ಯ ಸಭೆಯಾದವು. 1919ರಲ್ಲಿ ತರಂಗಂಬಾಡಿಯಲ್ಲಿ ಆರಂಭವಾದ ಮಾತುಕತೆ ಆಂಗ್ಲಿಕನ್ ಮತ್ತು ಮೆಥೊಡಿಸ್ಟರನ್ನೂ ಒಳಗೊಂಡು, 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆಯ ಸ್ಥಾಪನೆಯಲ್ಲಿ ಮುಗಿಯಿತು. ತುಮಕೂರು ಸೀಮೆಯ ವೆಸ್ಲಿಯನ್ ಸಭೆಗಳೂ ಬೆಂಗಳೂರಿನ ಸ್ಕಾಟಿಷ್ ದೇವಾಲಯವೂ ಕಾಲಕ್ರಮದಲ್ಲಿ ಒಂದೇ ಸಭೆಯೊಳಗೆ ಬಂದವು. ನೂರು ವರ್ಷ ಪುಸ್ತಕಗಳಲ್ಲಿ ಕಾಪಾಡಿಕೊಂಡು ಬಂದ ಪಂಥಭೇದ ಹಳ್ಳಿಯ ಮಟ್ಟದಲ್ಲಿ ಹೆಚ್ಚಿನ ಸದ್ದಿಲ್ಲದೆ ಕರಗಿತು. ಊರಿನವರಿಗೆ ಅದು ಮೊದಲೂ ‘ನಮ್ಮ ಸಭೆ’, ಆಮೇಲೂ ‘ನಮ್ಮ ಸಭೆ’.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ತುಮಕೂರು ಸೀಮೆಯಲ್ಲಿ ಗ್ರಾಮೀಣ ಪ್ರೊಟೆಸ್ಟೆಂಟ್ ಸಭೆ ಸಂತೆಯಿಂದ ಆರಂಭವಾಗಿ, ಬರಗಾಲದಿಂದ ಬೆಳೆದು, ಶಾಲೆ ಮತ್ತು ಕಸುಬಿನಿಂದ ನೆಲೆಗೊಂಡು, ದೇಶೀಯ ಧಾರ್ಮಿಕ ಪರಿಭಾಷೆಯಲ್ಲಿ ಮಾತು ಕಲಿಯಿತು. ಪಂಥದ ಗಡಿಯನ್ನು ನಿರ್ಧರಿಸಿದ್ದು ತತ್ತ್ವವಲ್ಲ, ಮಿಷನ್‌ಗಳ ಕ್ಷೇತ್ರ ಹಂಚಿಕೆ. ಅದರ ಲಿಖಿತ ದಾಖಲೆಗಳು ವಿಪುಲವಾಗಿವೆ: ವೆಸ್ಲಿಯನ್ ಮಿಷನ್ನಿನ ಪತ್ರಾಗಾರ ಲಂಡನ್ ವಿಶ್ವವಿದ್ಯಾಲಯದಲ್ಲಿದೆ, ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಮತ್ತು ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿಯೂ ಮುಖ್ಯ ಸಂಗ್ರಹಗಳಿವೆ. ಈ ದಾಖಲೆಗಳು ಹೇಳದಿರುವುದನ್ನು ಹೇಳಬಲ್ಲವರು ಹಳ್ಳಿಗಳಲ್ಲಿದ್ದಾರೆ.

ಆದುದರಿಂದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಜಾನಪದ ಸಮೀಕ್ಷೆಗಳಲ್ಲಿ ಕ್ರೈಸ್ತ ಕುಟುಂಬಗಳನ್ನೂ ಒಂದು ವಕ್ತೃಸಮುದಾಯವಾಗಿ ಸೇರಿಸಬೇಕಾದ ಅಗತ್ಯವಿದೆ. ಸಭೆಗಳ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ನೋಂದಣಿ ಪುಸ್ತಕಗಳನ್ನು ಗೆದ್ದಲು ತಿನ್ನುವ ಮೊದಲು ಪ್ರತಿ ಮಾಡಿಕೊಳ್ಳಬೇಕು; ಅವುಗಳಲ್ಲಿನ ಊರು, ಹೆಸರುಗಳನ್ನು ಬರಗಾಲದ ವಲಸೆಯೊಡನೆ ಹೋಲಿಸಬೇಕು. ಮುದುಕಿಯರ ಬಾಯಲ್ಲಿ ಕೀರ್ತನೆಯ ಜೊತೆಗೇ ಉಳಿದಿರಬಹುದಾದ ಸೋಬಾನೆ, ಜೋಗುಳ, ಬೀಸುವ ಪದಗಳನ್ನು ಧ್ವನಿಮುದ್ರಿಸಬೇಕು. ಸಮಾಧಿಕಲ್ಲುಗಳ ಕನ್ನಡ ಬರಹಗಳನ್ನು ಶಾಸನಗಳಷ್ಟೇ ಎಚ್ಚರದಿಂದ ಓದಬೇಕು.

ಈ ಕೆಲಸ ತಡವಾದಷ್ಟೂ ಮತಾಂತರದ ಬಗೆಗಿನ ವಾದವಿವಾದ ಎರಡು ಸಿದ್ಧಕಥೆಗಳ ನಡುವೆಯೇ ಸುತ್ತುತ್ತದೆ. ಒಂದು ಕಥೆಯಲ್ಲಿ ಹಳ್ಳಿಗ ಬೆಳಕು ಕಂಡವನು, ಇನ್ನೊಂದರಲ್ಲಿ ಮೋಸಹೋದವನು. ಎರಡರಲ್ಲಿಯೂ ಅವನು ಬೇರೆಯವರ ಕೈಯ ಪಾತ್ರವೇ. ಚಿಕ್ಕ ಎಂಬ ಸಿಂಗೋನಹಳ್ಳಿಯ ರೈತನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕವಿದೆ. ಅವನ ನಂತರ ಬಂದ ನೂರಾರು ಚಿಕ್ಕರು, ಚಿಕ್ಕಮ್ಮಗಳು ತಮ್ಮ ಬಗ್ಗೆ ತಾವೇ ಕನ್ನಡದಲ್ಲಿ ಹೇಳಿಕೊಂಡದ್ದನ್ನು ಕೇಳಿ ದಾಖಲಿಸುವುದು ಈ ನಾಡಿನ ಜಾನಪದ ವಿದ್ವತ್ತು ಇನ್ನೂ ತೀರಿಸಬೇಕಾದ ಋಣ.